ಬಯಲಿನಿಂದ ಸಂಪಾಜೆ ಘಾಟಿಗೆ: ಮ್ಯಾನ್ಯುಯಲ್, ಆಟೊಮ್ಯಾಟಿಕ್ ಎರಡರ ಕಲಿಕೆ ಈವರೆಗೆ

ಗಾಡಿ ಎರಡು. ಒಂದು ಐದು ಗೇರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಇನ್ನೊಂದು ಅದೇ ಗಾತ್ರದ ಎಎಂಟಿ, ಅಂದರೆ ಕ್ಲಚ್ ಪೆಡಲ್ ಇಲ್ಲದೆ ಗೇರ್ ತಾನೇ ಬದಲಾಗುವ ಗಾಡಿ. ಕಲಿಯುವವರೂ ಇಬ್ಬರು. ಒಬ್ಬರಿಗೆ ಸ್ಟೇರಿಂಗೇ ಹೊಸದು. ಇನ್ನೊಬ್ಬರು ಬೆಂಗಳೂರಿನಲ್ಲಿ ಆಟೊಮ್ಯಾಟಿಕ್ ಓಡಿಸಿ ರೂಢಿ ಇದ್ದವರು, ಈಗ ತೋಟದ ಮನೆಯ ಮ್ಯಾನ್ಯುಯಲ್ ಗಾಡಿಗೆ ಕೂತಿದ್ದಾರೆ. ಮಡಿಕೇರಿಯಿಂದ ಸಂಪಾಜೆಗೆ ಇಳಿದು ಮತ್ತೆ ಹತ್ತಬೇಕು, ಎರಡೂ ಗಾಡಿಯಲ್ಲಿ, ಬ್ರೇಕ್ ಕಾಯದಂತೆ, ಕ್ಲಚ್ ವಾಸನೆ ಬಾರದಂತೆ. ಗುರಿ ಇಷ್ಟೇ.

ಕಾಗದಪತ್ರದ ಮಾತು ಮೊದಲೇ ಮುಗಿಸೋಣ. ನಮ್ಮಲ್ಲಿ ಲಘು ವಾಹನದ (ಎಲ್‌ಎಂವಿ) ಲೈಸೆನ್ಸ್ ಒಂದೇ, ಯಾವ ಗೇರ್‌ಬಾಕ್ಸಿನ ಕಾರನ್ನಾದರೂ ಓಡಿಸಬಹುದು. ಕಲಿಯುವವರ ಲೈಸೆನ್ಸ್ (ಎಲ್‌ಎಲ್) ಸಿಕ್ಕಿ 30 ದಿನ ಕಳೆದ ಮೇಲೆ ಟೆಸ್ಟ್ ಕೊಡಬಹುದು, ಎಲ್‌ಎಲ್ 6 ತಿಂಗಳು ನಡೆಯುತ್ತದೆ. ಎಲ್ ಬೋರ್ಡ್ ಹಿಂದೆ ಮುಂದೆ ಎರಡೂ ಕಡೆ ಇರಲಿ, ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಲಿ. ಕೊಡಗಿನಲ್ಲಿ ಅವರ ಕೈ ಹ್ಯಾಂಡ್ ಬ್ರೇಕ್‌ಗೆ ಸಲೀಸಾಗಿ ಎಟುಕುವಂತಿರಬೇಕು, ಮಡಿಲ ಮೇಲೆ ಚೀಲ ಇಟ್ಟುಕೊಂಡು ಕೂರಬಾರದು.

ಕುಶಾಲನಗರ: ಬಯಲಿನಲ್ಲಿ ಕ್ಲಚ್ ಮಾತ್ರ

ಮಡಿಕೇರಿಯಲ್ಲಿ ಸಮತಟ್ಟು ಜಾಗ ಹುಡುಕುವುದೇ ಕಷ್ಟ, ಅದಕ್ಕೆ ಶುರು ಮಾಡಿದ್ದು ಕುಶಾಲನಗರದ ಕಡೆ. ಸೀಟು ಸರಿಮಾಡುವ ಲೆಕ್ಕ ಮ್ಯಾನ್ಯುಯಲ್‌ನಲ್ಲಿ ಬೇರೆ: ಕ್ಲಚ್ ಪೂರ್ತಿ ತಳಕ್ಕೆ ಒತ್ತಿದಾಗಲೂ ಎಡ ಮೊಣಕಾಲು ಸ್ವಲ್ಪ ಬಾಗಿರಬೇಕು. ಕಾಲು ನೆಟ್ಟಗಾದರೆ ಕ್ಲಚ್ ಅರ್ಧ ಇಂಚು ಬಾಕಿ ಉಳಿಯುತ್ತದೆ, ಗೇರ್ ಕರಕರ ಅನ್ನುತ್ತದೆ, ಕಲಿಯುವವರು ಗೇರ್‌ಬಾಕ್ಸನ್ನು ಬೈಯುತ್ತಾರೆ. ಮಳೆಗಾಲದಲ್ಲಿ ತೋಟಕ್ಕೆ ಹಾಕುವ ಗಂಬೂಟ್ ತೊಟ್ಟು ಕಲಿಯುವುದು ಬೇಡ. ದಪ್ಪ ಅಟ್ಟೆಗೆ ಕ್ಲಚ್ ಹಿಡಿಯುವ ಜಾಗ ಗೊತ್ತಾಗುವುದಿಲ್ಲ, ಒದ್ದೆ ಅಟ್ಟೆ ಬ್ರೇಕ್ ಮೇಲಿಂದ ಜಾರುತ್ತದೆ. ಒಣ ಚಪ್ಪಟೆ ಶೂ ಒಂದು ಜೊತೆ ಗಾಡಿಯಲ್ಲೇ ಇರಲಿ.

ಮೊದಲ ಅಭ್ಯಾಸಕ್ಕೆ ಆಕ್ಸಿಲರೇಟರ್ ಬೇಡವೇ ಬೇಡ. ಎಂಜಿನ್ 800ರ ಆಸುಪಾಸಿನ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಸುತ್ತುವ ಸುತ್ತು) ಸುಮ್ಮನೆ ತಿರುಗುತ್ತಿರಲಿ. ಕ್ಲಚ್ ಒತ್ತಿ ಫಸ್ಟ್ ಗೇರ್ ಹಾಕಿ, ಹಿಮ್ಮಡಿ ನೆಲಕ್ಕೆ ತಾಗಿಸಿಕೊಂಡು ಪಾದ ನಿಧಾನ ಎತ್ತಿ. ಒಂದು ಹಂತದಲ್ಲಿ ಎಂಜಿನ್ ಸದ್ದು ತುಸು ತಗ್ಗುತ್ತದೆ, ಸ್ಟೇರಿಂಗ್‌ನಲ್ಲಿ ಸಣ್ಣ ನಡುಕ ಬರುತ್ತದೆ, ಗಾಡಿ ತೆವಳಲು ಶುರುಮಾಡುತ್ತದೆ. ಕ್ಲಚ್ ಹಿಡಿಯುವ ಜಾಗ ಅದು. ಪಾದವನ್ನು ಅಲ್ಲೇ ಎರಡು ಸೆಕೆಂಡ್ ನಿಲ್ಲಿಸಿ, ಆಮೇಲೆ ಉಳಿದದ್ದನ್ನು ಬಿಡಿ. ಗಾಡಿ ಆಫ್ ಆಗುವುದು ಹೆಚ್ಚಾಗಿ ಈ ಎರಡು ಸೆಕೆಂಡ್ ಕೊಡದಿದ್ದಾಗಲೇ. ಆಕ್ಸಿಲರೇಟರ್ ಜೊತೆಗೆ ಕಲಿತರೆ ಬಲಗಾಲು ಎಡಗಾಲಿನ ತಪ್ಪನ್ನು ಮುಚ್ಚಿಹಾಕುತ್ತದೆ, ಆ ತಪ್ಪು ಏರಿನಲ್ಲಿ ಬಯಲಾಗುತ್ತದೆ.

ಗೇರ್ ಬದಲಿಸುವುದು ಬೇಗ ಬಂತು. ಸಮತಟ್ಟಿನಲ್ಲಿ ಗಂಟೆಗೆ 10–15 ಕಿ.ಮೀ. ವೇಗಕ್ಕೆ ಸೆಕೆಂಡ್, 25–30ಕ್ಕೆ ಥರ್ಡ್, 40–45ಕ್ಕೆ ಫೋರ್ತ್. ಸುಂಟಿಕೊಪ್ಪ ದಾಟಿ ಏರು ಸಿಕ್ಕಮೇಲೆ ಈ ಅಂಕಿ ನಡೆಯುವುದಿಲ್ಲ. ಅಲ್ಲಿ ಕಿವಿಯೇ ಅಳತೆ: ಎಂಜಿನ್ ಗುರುಗುಟ್ಟಿ ಗಾಡಿ ನಡುಗಿದರೆ ಗೇರ್ ಮೇಲಾಯಿತು ಎಂದರ್ಥ, ಇಳಿಸಬೇಕು. ಸಣ್ಣ ಪೆಟ್ರೋಲ್ ಎಂಜಿನ್ ಏರಿನಲ್ಲಿ 2,000–3,000 ಆರ್‌ಪಿಎಂ ಕೇಳುತ್ತದೆ. ಅಷ್ಟು ಸದ್ದಿಗೆ ಹೆದರಬೇಕಿಲ್ಲ.

ಇಬ್ಬರ ತೊಡಕೂ ಬೇರೆ ಬೇರೆ. ಹೊಸಬರ ಎಡಗಾಲು ಗೇರ್ ಹಾಕಿದ ಮೇಲೂ ಕ್ಲಚ್ ಮೇಲೇ ಕೂರುತ್ತದೆ. ಇದರಿಂದ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸುಮ್ಮನೆ ಸವೆಯುತ್ತದೆ, ಕ್ಲಚ್ ಪ್ಲೇಟ್ ಸಣ್ಣಗೆ ಜಾರುತ್ತಿರುತ್ತದೆ. ಆಟೊಮ್ಯಾಟಿಕ್‌ನಿಂದ ಬಂದವರು ನಿಲ್ಲಿಸುವಾಗ ಬ್ರೇಕ್ ಮಾತ್ರ ಒತ್ತಿ ಗಾಡಿ ಆಫ್ ಮಾಡುತ್ತಾರೆ. ತಿರುಗಾಮುರುಗಾ ಇನ್ನೊಂದು ಅಪಾಯವಿದೆ, ಅದು ದೊಡ್ಡದು: ಮ್ಯಾನ್ಯುಯಲ್ ರೂಢಿಯಾದವರು ಆಟೊಮ್ಯಾಟಿಕ್‌ಗೆ ಕೂತಾಗ ಎಡಗಾಲು ಕ್ಲಚ್ ಹುಡುಕಿ ಅಗಲದ ಬ್ರೇಕ್ ಪೆಡಲನ್ನು ಜಾಡಿಸಿ ಒತ್ತುತ್ತದೆ, ಹಿಂದಿನ ಗಾಡಿ ಬಂದು ಗುದ್ದುತ್ತದೆ. ಗಾಡಿ ಬದಲಿಸಿದ ಕೂಡಲೇ ಎಡಪಾದವನ್ನು ಪಕ್ಕದ ಕಾಲುಮಣೆಗೆ ಒತ್ತಿ ಇಟ್ಟುಕೊಳ್ಳುವುದೇ ಮದ್ದು.

ಏರಿನಲ್ಲಿ ನಿಂತು ಹೊರಡುವುದು

ಹೆಚ್ಚು ಹೊತ್ತು ಹಿಡಿದದ್ದು ಇದೇ, ಹಿಡಿಯಬೇಕಾದದ್ದೂ ಇದೇ. ಮಡಿಕೇರಿ ಪೇಟೆಯಲ್ಲಿ ಏರಿನ ನಡುವೆ ನಿಲ್ಲದೆ ದಿನ ಕಳೆಯುವುದಿಲ್ಲ. ಹಿಂದೆ ಬಸ್ಸೋ ಜೀಪೋ ಒಂದು ಮಾರು ದೂರದಲ್ಲಿ ಅಂಟಿಕೊಂಡಿರುತ್ತದೆ. ಅಭ್ಯಾಸಕ್ಕೆ ಮಾತ್ರ ಹಿಂದೆ ಯಾರೂ ಬಾರದ ತೋಟದ ಕಾಂಕ್ರೀಟ್ ರಸ್ತೆ ಒಳ್ಳೆಯದು.

ಕ್ರಮ ಹೀಗೆ. ಬ್ರೇಕ್ ಒತ್ತಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಪೂರ್ತಿ ಎಳೆಯಿರಿ. ಕ್ಲಚ್ ಒತ್ತಿ ಫಸ್ಟ್ ಹಾಕಿ. ಬಲಗಾಲು ಆಕ್ಸಿಲರೇಟರ್‌ಗೆ ಬಂದು ಆರ್‌ಪಿಎಂ 1,500–2,000ಕ್ಕೆ ಏರಲಿ. ಕ್ಲಚ್ ಹಿಡಿಯುವ ಜಾಗಕ್ಕೆ ಎತ್ತಿ, ಪಾದ ಅಲ್ಲೇ ಬಿಗಿ. ಈಗ ಬಾನೆಟ್ ನೋಡಿ: ಮೂತಿ ಒಂದಿಷ್ಟು ಮೇಲೇಳುತ್ತದೆ, ಗಾಡಿಯ ಹಿಂಭಾಗ ಕುಗ್ಗಿದಂತಾಗುತ್ತದೆ. ಮೂತಿ ಏಳುವ ಮೊದಲು ಹ್ಯಾಂಡ್ ಬ್ರೇಕ್ ಬಿಡಬೇಡಿ. ಎದ್ದ ಮೇಲೆ ಗುಂಡಿ ಒತ್ತಿಹಿಡಿದು ಹ್ಯಾಂಡ್ ಬ್ರೇಕ್ ಇಳಿಸಿ, ಆಕ್ಸಿಲರೇಟರ್ ತುಸು ಕೊಡಿ, ಗಾಡಿ ಒಂದು ಗಾಡಿಯುದ್ದ ಮುಂದೆ ಹೋಗುವವರೆಗೆ ಕ್ಲಚ್ ಪೂರ್ತಿ ಬಿಡಬೇಡಿ.

ಹಿಂದೆ ಜಾರಿದರೆ ಕ್ಲಚ್ ಬಿಡಬಾರದು, ಬ್ರೇಕ್ ಒತ್ತಬೇಕು. ಗಾಡಿ ಆಫ್ ಆದರೂ ಮೊದಲು ಬ್ರೇಕ್, ಆಮೇಲೆ ಹ್ಯಾಂಡ್ ಬ್ರೇಕ್, ಕೊನೆಗೆ ಕೀ. ಎಂಜಿನ್ ನಿಂತಾಗ ಕಾಲಿನ ಬಲ ಹೆಚ್ಚಿಸುವ ಬ್ರೇಕ್ ಬೂಸ್ಟರ್‌ಗೆ ಹೊಸ ವ್ಯಾಕ್ಯೂಮ್ ಸಿಗುವುದಿಲ್ಲ. ಉಳಿದದ್ದು ಎರಡು ಮೂರು ಒತ್ತಿಗೆ ಸಾಕಾಗುತ್ತದೆ, ಆಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಗಾಬರಿಯಲ್ಲಿ ಪಂಪ್ ಮಾಡುವವರು ಆ ಉಳಿಕೆಯನ್ನೇ ಕಳೆದುಕೊಳ್ಳುತ್ತಾರೆ. ಒಮ್ಮೆ ಒತ್ತಿ, ಬಿಡದೆ ಹಿಡಿಯಬೇಕು.

ಹಾಫ್ ಕ್ಲಚ್‌ನಲ್ಲಿ, ಅಂದರೆ ಕ್ಲಚ್ ಹಿಡಿಯುವ ಜಾಗದಲ್ಲೇ ಪಾದ ಇಟ್ಟು, ಗಾಡಿಯನ್ನು ಏರಿನಲ್ಲಿ ತೂಗಿಸಿ ನಿಲ್ಲಿಸುವುದು ಜಾಣತನವೆಂದು ಹಲವರು ಹೇಳಿಕೊಡುತ್ತಾರೆ. ಕಲಿಸಬಾರದ ವಿದ್ಯೆ ಅದು. ಎಂಜಿನ್ ಕಡೆಯ ಫ್ಲೈವೀಲ್ ನಿಮಿಷಕ್ಕೆ 2,000 ಸುತ್ತು ಸುತ್ತುತ್ತಿದೆ, ಗೇರ್‌ಬಾಕ್ಸ್ ಕಡೆಯ ಪ್ಲೇಟ್ ನಿಂತಿದೆ. ನಡುವಿನ ವ್ಯತ್ಯಾಸವೆಲ್ಲ ಉಜ್ಜಿ ಬಿಸಿಯಾಗುತ್ತದೆ. ವಾಸನೆ ಬಂತೆಂದರೆ ಸಮತಟ್ಟು ನೋಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಕ್ಲಚ್‌ನಿಂದ ಕಾಲು ತೆಗೆದು 10–15 ನಿಮಿಷ ಎಂಜಿನ್ ಸುಮ್ಮನೆ ತಿರುಗಲು ಬಿಡಿ. ಪ್ಲೇಟ್ ಸವೆದಿದೆಯೇ ಎಂದು ನೋಡಲು ಖಾಲಿ ರಸ್ತೆಯ ಸಣ್ಣ ಏರಿನಲ್ಲಿ ಫೋರ್ತ್ ಗೇರಿನಲ್ಲಿ 40ರ ವೇಗದಿಂದ ಆಕ್ಸಿಲರೇಟರ್ ಜೋರಾಗಿ ಒತ್ತಿ ನೋಡಿ. ಆರ್‌ಪಿಎಂ ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಅದೇ ಏರಿನಲ್ಲಿ ಎಎಂಟಿ

ಎಎಂಟಿ ಎಂದರೆ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಅದೇ ಒಣ ಕ್ಲಚ್ ಪ್ಲೇಟ್, ಅದೇ ಗೇರುಗಳು, ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸ ಮಾತ್ರ ಆಕ್ಚುಯೇಟರ್ ಎಂಬ ಯಂತ್ರದ್ದು. ಭಾರತದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಇದು ಜನರ ಕೈಗೆ ಬಂತು, ಕಡಿಮೆ ಬೆಲೆಯಿಂದಾಗಿ ಹಬ್ಬಿತು. ಕ್ಲಚ್ ಪೆಡಲ್ ಇಲ್ಲ ಎಂದಮಾತ್ರಕ್ಕೆ ಕ್ಲಚ್ ಇಲ್ಲ ಎಂದು ತಿಳಿದವರು ಕೊಡಗಿನ ಏರಿನಲ್ಲಿ ಅದನ್ನು ಸುಡುತ್ತಾರೆ. ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಸ್ವಲ್ಪವೇ ಒತ್ತಿ ಗಾಡಿಯನ್ನು ಹಿಡಿದು ನಿಲ್ಲಿಸಿದರೆ ಒಳಗೆ ನಡೆಯುವುದು ಮೇಲೆ ಹೇಳಿದ ಅದೇ ಹಾಫ್ ಕ್ಲಚ್. ಬ್ರೇಕ್ ಬಿಟ್ಟ ಮೇಲೂ ಏರಿನಲ್ಲಿ ಗಾಡಿ ಹಿಡಿಯುವ ಹಿಲ್ ಹೋಲ್ಡ್ ಇದ್ದರೂ ಅದು ಹಿಡಿಯುವುದು ಎರಡು ಸೆಕೆಂಡಿನಷ್ಟು ಮಾತ್ರ. ಕಡಿದಾದ ಏರಿನಲ್ಲಿ ಎಎಂಟಿಗೂ ಹ್ಯಾಂಡ್ ಬ್ರೇಕ್ ಹಾಕಿ, ಡಿ (ಗೇರ್ ತಾನೇ ಬದಲಾಗುವ) ಅಥವಾ ಎಂ (ಗೇರ್ ನಾವೇ ಬದಲಿಸುವ) ಮೋಡಿನಲ್ಲಿ ಆಕ್ಸಿಲರೇಟರ್ ಕೊಟ್ಟು, ಗಾಡಿ ಮುಂದಕ್ಕೆ ಎಳೆದದ್ದು ಗೊತ್ತಾದ ಮೇಲೆ ಹ್ಯಾಂಡ್ ಬ್ರೇಕ್ ಬಿಡುವುದು ಸರಿ. ಮ್ಯಾನ್ಯುಯಲ್ ಕಲಿತವರಿಗೆ ಇದನ್ನು ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ. ಕೊಡಗಿನಲ್ಲಿ ಇರುವವರು ಮೊದಲು ಮ್ಯಾನ್ಯುಯಲ್ ಕಲಿಯಲಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್ ಗಾಡಿ ಬೇರೆ ಜಾತಿ. ಅಲ್ಲಿ ಎಂಜಿನ್ನಿನ ಬಲ ಎಣ್ಣೆಯ ಮೂಲಕ ದಾಟುತ್ತದೆ, ಹೊರಡುವಾಗ ಉಜ್ಜಿ ಸವೆಯುವ ಪ್ಲೇಟ್ ಇಲ್ಲ. ಬ್ರೇಕ್ ಬಿಟ್ಟರೆ ಸಣ್ಣ ಏರಿನಲ್ಲಿ ತಾನೇ ತೆವಳುತ್ತದೆ. ಒಣ ಕ್ಲಚ್ಚಿನ ಡಿಸಿಟಿ (ಎರಡು ಕ್ಲಚ್ ಇರುವ ಆಟೊಮ್ಯಾಟಿಕ್) ಏರಿನ ಟ್ರಾಫಿಕ್‌ನಲ್ಲಿ ತೆವಳಿಸಿದರೆ ಬೇಗ ಕಾಯುತ್ತದೆ. ಮನೆಯ ಗೇಟಿನಿಂದಲೇ ಕಡಿದಾದ ಏರು ಇರುವವರು ಆಟೊಮ್ಯಾಟಿಕ್ ಕೊಳ್ಳುವುದಾದರೆ ಟಾರ್ಕ್ ಕನ್ವರ್ಟರ್ ನೋಡುವುದು ವಾಸಿ.

ಸಂಪಾಜೆ ಇಳಿತ

ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಿಂದ ಮದೆನಾಡು, ಜೋಡುಪಾಲ, ಕೊಯನಾಡು ದಾಟಿ ಸಂಪಾಜೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 275 ಇದು. 2018ರ ಆಗಸ್ಟಿನಲ್ಲಿ ಕುಸಿದ ಬರೆಗಳೂ (ರಸ್ತೆ ಪಕ್ಕದ ಗುಡ್ಡದ ಮಣ್ಣಿನ ಗೋಡೆ) ಇದೇ ದಾರಿಯವು. ಮಳೆ ಜೋರಿದ್ದಾಗ ಕಲಿಕೆಗೆಂದು ಇಲ್ಲಿಗೆ ಹೋಗಲೇಬಾರದು.

ಇಳಿಯುವಾಗ ಬ್ರೇಕ್ ಮಾಡುವ ಕೆಲಸ ಎಷ್ಟು ಎಂಬ ಲೆಕ್ಕ ಕಲಿಯುವವರಿಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಜನ ಸೇರಿ 1,200 ಕೆ.ಜಿ. ತೂಗುವ ಕಾರು 100 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 12 ಲಕ್ಷ ಜೂಲ್. ಮೂರೂವರೆ ಲೀಟರ್ ತಣ್ಣೀರನ್ನು ಕುದಿಸಲು ಸಾಕಾಗುವ ಬಿಸಿ ಅದು. ಇದರಲ್ಲಿ ಎಂಜಿನ್ ಎಷ್ಟು ಹೊರುವುದಿಲ್ಲವೋ ಅಷ್ಟೂ ಡಿಸ್ಕ್, ಡ್ರಮ್ಮಿನ ಪಾಲು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ವಸ್ತು. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂಬುದು ಮಾನದಂಡ, ತೇವ ಹೀರಿದ್ದಕ್ಕೆ ಅದು 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಕುದಿದರೆ ಪೈಪಿನಲ್ಲಿ ಆವಿಗುಳ್ಳೆ ಎದ್ದು ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಕೊಡಗಿನಂಥ ತೇವದ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದನ್ನು ತಪ್ಪಿಸಬಾರದು.

ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ. ಹಿಮ್ಮುರಿ ತಿರುವುಗಳಿಗೆ ಸೆಕೆಂಡ್, ನಡುವಿನ ನೇರಕ್ಕೆ ಥರ್ಡ್. ಸಣ್ಣ ಪೆಟ್ರೋಲ್ ಎಂಜಿನ್ನಿನ ಹಿಡಿತ ಕಡಿಮೆ, ಥರ್ಡ್‌ನಲ್ಲಿ ಗಾಡಿ ಓಡತೊಡಗಿದರೆ ಅನುಮಾನವಿಲ್ಲದೆ ಸೆಕೆಂಡ್‌ಗೆ ತನ್ನಿ. ಗೇರ್ ಇಳಿಸುವುದು ತಿರುವಿಗೆ ಮೊದಲು, ಸ್ಟೇರಿಂಗ್ ನೇರ ಇರುವಾಗ: ಬ್ರೇಕ್ ಒತ್ತಿ ವೇಗ 25ರ ಹತ್ತಿರಕ್ಕೆ ತಂದು, ಕ್ಲಚ್ ಒತ್ತಿ ಸೆಕೆಂಡ್ ಹಾಕಿ, ಆಕ್ಸಿಲರೇಟರ್ ಚೂರು ತಾಗಿಸಿ ಕ್ಲಚ್ ಬಿಡಿ. ಆ ಚೂರು ಕೊಡದಿದ್ದರೆ ಗಾಡಿ ಮುಗ್ಗರಿಸುತ್ತದೆ, ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಹಿಡಿತ ತಪ್ಪುತ್ತದೆ. ಬ್ರೇಕನ್ನು ಗಟ್ಟಿಯಾಗಿ ಸ್ವಲ್ಪ ಹೊತ್ತು ಒತ್ತಿ ಪೂರ್ತಿ ಬಿಡಬೇಕು. ಮೆಲ್ಲಗೆ ಒತ್ತಿಕೊಂಡೇ ಇಳಿದರೆ ಡಿಸ್ಕ್ ಆರುವುದೇ ಇಲ್ಲ.

ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ ಎಂಬುದು ಇನ್ನೂ ಹೋಗದ ನಂಬಿಕೆ. ಇಂಜೆಕ್ಷನ್ ಎಂಜಿನ್ನಿನಲ್ಲಿ ಗೇರ್ ಇದ್ದು ಕಾಲು ತೆಗೆದರೆ ಇಂಧನ ಕಡಿತವಾಗುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಿರುಗಿಸಲು ಇಂಧನ ಬೇಕೇ ಬೇಕು. ಕೀ ತಿರುಗಿಸಿ ಆಫ್ ಮಾಡಿ ಇಳಿಯುವುದಂತೂ ಪ್ರಾಣದ ಜೊತೆ ಆಟ: ಬ್ರೇಕ್ ಬಲ ಹೋಗುತ್ತದೆ, ಕೀ ಪೂರ್ತಿ ತೆಗೆದರೆ ಸ್ಟೇರಿಂಗ್ ಲಾಕ್ ಆಗುತ್ತದೆ.

ಎಎಂಟಿಯಲ್ಲಿ ಇಳಿಯುವಾಗ ಡಿಯಲ್ಲಿ ಬಿಟ್ಟರೆ ಕಾಲು ತೆಗೆದ ಕೂಡಲೇ ಅದು ಥರ್ಡ್, ಫೋರ್ತ್‌ಗೆ ಏರಿಬಿಡುತ್ತದೆ. ಎಂಗೆ ತಳ್ಳಿ ಸೆಕೆಂಡ್‌ನಲ್ಲಿ ಹಿಡಿಯಬೇಕು. ಸಿವಿಟಿಯಲ್ಲಿ (ಹಂತದ ಗೇರಿಲ್ಲದ ಆಟೊಮ್ಯಾಟಿಕ್) ಎಲ್ (ಲೋ) ಇದ್ದರೆ ಅದು, ಹಳೆಯ ಟಾರ್ಕ್ ಕನ್ವರ್ಟರ್‌ನಲ್ಲಿ 2 ಅಥವಾ ಎಲ್. ಆಟೊಮ್ಯಾಟಿಕ್ ರೂಢಿಯವರಿಗೆ ಮ್ಯಾನ್ಯುಯಲ್‌ನಲ್ಲಿ ಇಳಿದ ಮೇಲೆಯೇ ಈ ಎಂ ಅಕ್ಷರ ಅಲ್ಲಿ ಏಕಿದೆ ಎಂಬುದು ಕಾಲಿಗೆ ಅರ್ಥವಾಯಿತು.

ಬಸ್ಸು ಲಾರಿಗೆ ಹಿಮ್ಮುರಿ ತಿರುವಿನಲ್ಲಿ ಪೂರ್ತಿ ರಸ್ತೆ ಬೇಕು. ಹಾರ್ನ್ ಮಾಡಿ, ಎದುರಿಂದ ಹಾರ್ನ್ ಬಂದರೆ ತಿರುವಿಗೆ ಮೊದಲೇ ಬರೆಯ ಕಡೆ ನಿಲ್ಲಿಸಿ. ಅಗಲ ಸಾಲದ ಕಡೆ ಹತ್ತುವ ಗಾಡಿಗೆ ದಾರಿ, ಇಳಿಯುವವರು ಕಾಯಬೇಕು. ಕಾನೂನೂ ಅದೇ.

ಮಳೆ ಹಿಡಿದ ಮೇಲೆ

ಮಂಜಿನಲ್ಲಿ ಲೋ ಬೀಮ್ ಮಾತ್ರ. ಹೈ ಬೀಮ್ ಹಾಕಿದರೆ ಕಣ್ಣೆದುರು ಬಿಳಿ ಗೋಡೆ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿಣುಕಿಸಬೇಡಿ, ಎತ್ತ ತಿರುಗುತ್ತೀರೆಂದು ಹಿಂದಿನವರಿಗೆ ತಿಳಿಯುವುದಿಲ್ಲ. ಗಾಜು ಒಳಗಿನಿಂದ ಮಬ್ಬಾದರೆ ಬಟ್ಟೆಯಿಂದ ಒರೆಸುವ ಬದಲು ಎಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ. ಕೆಸರಿನ ತೋಟದ ರಸ್ತೆಯಲ್ಲಿ ಚಕ್ರ ಸುಮ್ಮನೆ ತಿರುಗಿದರೆ ಮ್ಯಾನ್ಯುಯಲ್‌ನಲ್ಲಿ ಸೆಕೆಂಡ್‌ನಲ್ಲಿ ಹೊರಡಿಸಿ ನೋಡಬಹುದು. ಎಳೆತ ಕಡಿಮೆಯಾಗಿ ಟೈರ್ ಕಚ್ಚುತ್ತದೆ.

ನಿಲ್ಲಿಸುವಾಗ: ಏರಿಗೆ ಮುಖ ಮಾಡಿದ್ದರೆ ಫಸ್ಟ್, ಇಳಿಜಾರಿಗೆ ಮುಖವಿದ್ದರೆ ರಿವರ್ಸ್, ಚಕ್ರ ಬರೆಯ ಕಡೆಗೆ ತಿರುಗಿರಲಿ, ಚಕ್ರಕ್ಕೆ ಇಳಿಜಾರಿನ ಬದಿಯಲ್ಲಿ ಒಂದು ಕಲ್ಲು. ಹೊರಟ ಮೇಲೆ ಆ ಕಲ್ಲನ್ನು ರಸ್ತೆಯಿಂದ ತೆಗೆಯಿರಿ, ಹಿಂದೆ ಬೈಕಿನವರು ಬರುತ್ತಾರೆ. ಎಎಂಟಿಗೆ ಸಾಮಾನ್ಯವಾಗಿ ಪಿ (ಪಾರ್ಕ್) ಇರುವುದಿಲ್ಲ, ಗೇರಿನಲ್ಲಿಟ್ಟೇ ಆಫ್ ಮಾಡಬೇಕು. ಪಿ ಇರುವ ಗಾಡಿಯಲ್ಲಿ ಬ್ರೇಕ್ ಒತ್ತಿ ಎನ್ (ನ್ಯೂಟ್ರಲ್), ಹ್ಯಾಂಡ್ ಬ್ರೇಕ್, ಕಾಲು ಸಡಿಲಿಸಿ ಗಾಡಿ ಕೂತ ಮೇಲೆ ಮತ್ತೆ ಬ್ರೇಕ್ ಒತ್ತಿ ಪಿ. ನೇರ ಪಿಗೆ ತಳ್ಳಿದರೆ ಇಡೀ ಗಾಡಿಯ ಭಾರ ಗೇರ್‌ಬಾಕ್ಸಿನೊಳಗಿನ ಒಂದು ಸಣ್ಣ ಕೊಕ್ಕೆಯ ಮೇಲೆ ಬೀಳುತ್ತದೆ. ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಗಾಡಿಗೆ ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಬೇಡ, ತೇವಕ್ಕೆ ತುಕ್ಕು ಹಿಡಿದು ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟಿನಲ್ಲಿ ಗೇರ್ ಮತ್ತು ಕಲ್ಲು ಸಾಕು.

ಈಗಿನ ಸ್ಥಿತಿ, ಬಾಕಿ

ಹೊಸಬರು ಒಣ ರಸ್ತೆಯಲ್ಲಿ ಎರಡೂ ಗಾಡಿಯನ್ನು ಇಳಿಸಿ ಹತ್ತಿಸುತ್ತಿದ್ದಾರೆ. ಕ್ಲಚ್ ಮೇಲೆ ಕಾಲಿಡುವ ಚಾಳಿ ತಿರುವು ಹೆಚ್ಚಿದಾಗ ಇನ್ನೂ ಮರಳುತ್ತದೆ. ಇನ್ನೊಬ್ಬರಿಗೆ ಸೆಕೆಂಡ್‌ನಿಂದ ಫಸ್ಟ್‌ಗೆ ಇಳಿಸುವುದು ಬಾಕಿ. ವೇಗ ನಡಿಗೆಯಷ್ಟಕ್ಕೆ ತಗ್ಗುವ ಮೊದಲೇ ತಳ್ಳುವುದರಿಂದ ಗೇರುಗಳ ವೇಗ ಹೊಂದಿಸುವ ಸಿಂಕ್ರೊ ಒಪ್ಪದೆ ಗೇರ್ ಕೂರುತ್ತಿಲ್ಲ. ಮಳೆ ಬಿಟ್ಟ ಮೇಲೆ ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ಘಾಟಿ. ಅದಕ್ಕೆ ಮೊದಲು ಮ್ಯಾನ್ಯುಯಲ್ ಗಾಡಿಯ ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ಮಾಡಿಸಬೇಕು: ಎಳೆದಾಗ ಟಕ್ ಅನ್ನುವ ಹಲ್ಲುಗಳಲ್ಲಿ 5ರಿಂದ 8ನೇ ಹಲ್ಲಿನೊಳಗೆ ಹಿಡಿಯಬೇಕಾದದ್ದು ಈಗ 10ಕ್ಕೆ ಹೋಗಿದೆ.