ಹಗುರವೂ ಬೇಕು, ಬಲವೂ ಬೇಕು

ತಮ್ಮನಿಗೆ ಗೇಮಿಂಗ್ ಲ್ಯಾಪ್‌ಟಾಪ್ ಬೇಕಂತೆ. ಹಗುರವಾಗಿರಬೇಕು, ಓದು ಮುಗಿಯುವವರೆಗೆ ಬಾಳಬೇಕು, ಹೊಸ ಆಟಗಳೆಲ್ಲ ಸಲೀಸಾಗಿ ಓಡಬೇಕು. ಮೂರೂ ಇರುವುದರ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ಆಟದ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಚಿಪ್‌ನ ಹೆಸರು ನೋಡಿ ಮರುಳಾಗಬೇಡ ಎಂದೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್‌ಗೆ ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟಾದರೂ ವಿದ್ಯುತ್ ನಿಗದಿ ಮಾಡಬಹುದು. ಹೆಸರು ಒಂದೇ, ಓಟ ಬೇರೆ ಬೇರೆ. ತೆಳು ಮೈಯೊಳಗಿನ ಶಾಖ ಹೊರಹೋಗದಿದ್ದರೆ ಎಂಥ ಚಿಪ್ ಆದರೂ ಕುಂಟಲೇಬೇಕು. ಅಂಗಡಿಯ ಫಲಕದಲ್ಲಿ ಈ ವ್ಯಾಟ್ ಲೆಕ್ಕ ಕಾಣುವುದು ಅಪರೂಪ. ಚಾರ್ಜರಿನ ತೂಕವಂತೂ ಕೇಳಲೇಬೇಡಿ, ಇಟ್ಟಿಗೆಯಂಥದ್ದು. ಅದನ್ನು ಬಿಟ್ಟು ಹೊರಟರೆ ಬರೀ ಬ್ಯಾಟರಿಯಲ್ಲಿ ಆಟದ ವೇಗ ಸೊರಗುತ್ತದೆ.

ಗಟ್ಟಿತನಕ್ಕೆ ನಾನು ಮೊದಲು ನೋಡುವುದು ಕೀಲನ್ನು. ಮುಚ್ಚಳವನ್ನು ನಿಧಾನವಾಗಿ ತೆರೆದು ಮುಚ್ಚುವಾಗ ಕೀಲಿನ ಬಳಿಯ ಪ್ಲಾಸ್ಟಿಕ್ ಬಾಯಿ ಬಿಟ್ಟರೆ ಅದನ್ನು ಅಲ್ಲೇ ಬಿಟ್ಟು ಬರುತ್ತೇನೆ. ಫ್ಯಾನಿನ ಧೂಳು ತೆಗೆಯಲು ತಳದ ತಿರುಪು ಸುಲಭವಾಗಿ ಬಿಚ್ಚಬೇಕು. ರ‍್ಯಾಮ್ ಅಂದರೆ ಮೆಮೊರಿ, ಮುಖ್ಯ ಬೋರ್ಡಿಗೇ ಬೆಸೆದಿರದಿದ್ದರೆ ಮುಂದೆ ಹೆಚ್ಚಿಸಿಕೊಳ್ಳಬಹುದು. ತೆಳು ಮಾದರಿಗಳು ಹೆಚ್ಚಾಗಿ ಎಡವುವುದು ಇಲ್ಲೇ.

ನನ್ನ ಓಟು ಎರಡೂವರೆ ಕಿಲೋದ ದಪ್ಪನೆಯ ಯಂತ್ರಕ್ಕೆ. ಹಾಸ್ಟೆಲ್ ಹುಡುಗ ಅದನ್ನು ಹೊರುವುದು ರಜೆಗೆ ಊರಿಗೆ ಬರುವಾಗ ಮಾತ್ರ ತಾನೇ?