ಅಕ್ಕಿ ಆರಿಸೋ ಜಾಗ ಯಾವುದು?

ಆಷಾಢ ಬಂತೆಂದರೆ ನಮ್ಮ ಕಸುಬಿನವರ ಕೈ ಖಾಲಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಬೇಸಿಗೆಯಿಡೀ ಛತ್ರದಿಂದ ಛತ್ರಕ್ಕೆ ಓಡಿದ ಹುಡುಗರು ಆಗ ಬಿಡುವಾಗಿ ಸಿಗುತ್ತಾರೆ. ಮೈಸೂರಿನಲ್ಲಿ ಪೋರ್ಟ್ರೇಟ್ ತೆಗೆಯುವುದು ನನ್ನ ಹೊಟ್ಟೆಪಾಡು. ಸ್ಟುಡಿಯೊ ಬಿಟ್ಟು ಹೊರಗೆ, ಜನ ಇರುವ ಜಾಗದಲ್ಲೇ ಬೆಳಕು ಹೊಂದಿಸಿ ಫೋಟೊ ತೆಗೆಯುವುದನ್ನು ಕಲಿಸುವುದು ಈಚಿನ ವರ್ಷಗಳಲ್ಲಿ ಜೊತೆಗೆ ಸೇರಿಕೊಂಡ ಕೆಲಸ. ಒಂದು ತಂಡಕ್ಕೆ ಎಂಟು ಜನ. ಹುಣಸೂರು, ಕೊಳ್ಳೇಗಾಲ, ಚಾಮರಾಜನಗರದ ಕಡೆಯಿಂದ ಬರುವವರೇ ಹೆಚ್ಚು. ಬರುವಾಗ ಹೊಸ ಫ್ಲ್ಯಾಷ್, ಇನ್ನೂ ಡಬ್ಬಿಯಿಂದ ತೆಗೆಯದ, ಬೆಳಕು ಮೆತ್ತಗೆ ಮಾಡುವ ಸಾಫ್ಟ್‌ಬಾಕ್ಸ್, ಫ್ಲ್ಯಾಷನ್ನು ದೂರದಿಂದ ಹೊಡೆಸುವ ಟ್ರಿಗರ್ ಎಲ್ಲ ತಂದಿರುತ್ತಾರೆ. ಕೂರುವ ಮೊದಲೇ ಕೇಳುವುದು ಒಂದೇ ಮಾತು: 'ಸೆಟ್ಟಿಂಗ್ ಹೇಳಿಬಿಡಿ ಸಾರ್.'

ಮೊದಮೊದಲು ನಾನೂ ಸೆಟ್ಟಿಂಗ್ ಹೇಳಿಯೇ ಪಾಠ ಶುರು ಮಾಡುತ್ತಿದ್ದೆ. ಅದು ತಪ್ಪೆಂದು ತಿಳಿಸಿಕೊಟ್ಟವರು ಮೇಲುಕೋಟೆಯ ಒಬ್ಬ ನೇಕಾರರು.

ಮೇಲುಕೋಟೆಯ ಕೈಮಗ್ಗದ ಪಂಚೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವಂಥದ್ದು. ಅಲ್ಲಿ ಒಬ್ಬ ಹಿರಿಯರನ್ನು ಮೊದಲೇ ಮಾತಾಡಿಸಿ, ಅರ್ಧ ದಿನದ ಕೂಲಿ ಕೊಟ್ಟು, ತಂಡವನ್ನು ಕರೆದುಕೊಂಡು ಹೋಗಿದ್ದೆ. ಅವರ ಮನೆ ಚಿಕ್ಕದು, ಒಳಗೆ ಕತ್ತಲೆ ಅನ್ನಿಸಿತು. ಕಲ್ಯಾಣಿಯ ಹತ್ತಿರ ಹೋದರೆ ಹಿನ್ನೆಲೆಗೆ ಮೆಟ್ಟಿಲು, ಕಂಬ, ಆಕಾಶ ಎಲ್ಲ ಸಿಗುತ್ತದಲ್ಲ ಎಂಬುದು ನನ್ನ ಲೆಕ್ಕ. ಅವರನ್ನು ಮಗ್ಗದಿಂದ ಎಬ್ಬಿಸಿ, ಆ ಕಡೆಯ ಒಂದು ಬಯಲಿಗೆ ಕರೆದೊಯ್ದು ಕಲ್ಲಿನ ಮೇಲೆ ಕೂರಿಸಿದೆವು. ಹನ್ನೊಂದೂವರೆ ಗಂಟೆ. ಮೋಡ ಹರಿದು ಬಿಸಿಲು ಚುರುಕಾಗಿತ್ತು.

ಎಂಟು ಜನರೂ ಸರದಿಯಲ್ಲಿ ಫ್ಲ್ಯಾಷ್ ಏರಿಸಿದರು, ಇಳಿಸಿದರು. ಬಿಸಿಲು ಬಿದ್ದಾಗ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಅಂದರೆ ಐಎಸ್‌ಒ 100, ಶಟರ್ ತೆರೆದಿರುವ ಹೊತ್ತು 1/250 ಸೆಕೆಂಡ್ ಇಟ್ಟರೆ ಸರಿಯಾದ ಅಪರ್ಚರ್, ಅಂದರೆ ಲೆನ್ಸಿನ ಕಂಡಿ, ಹತ್ತಿರ ಹತ್ತಿರ ಎಫ್ 11; ಎಫ್ ಅಂಕಿ ದೊಡ್ಡದಾದಷ್ಟೂ ಕಂಡಿ ಚಿಕ್ಕದು. ಆಕಾಶ ಇನ್ನಷ್ಟು ಗಾಢವಾಗಲಿ ಎಂದರೆ ಎಫ್ 16, ಎಫ್ 22ಕ್ಕೆ ಹೋಗಬೇಕು. ಆ ಅಪರ್ಚರ್‌ನಲ್ಲಿ ಮುಖಕ್ಕೆ ಬೇಕಾದಷ್ಟು ಬೆಳಕು ಕೊಡಲು ಬೆಳಕು ಮೆತ್ತಗಾಗಲೆಂದು ಕೊಡೆ ಹಾಕಿದ ಪುಟ್ಟ ಫ್ಲ್ಯಾಷ್ ಪೂರ್ತಿ ಶಕ್ತಿ ಸುರಿದರೂ ಏದುಸಿರು ಬಿಡುತ್ತದೆ. ಒಂದೊಂದು ಹೊಡೆತಕ್ಕೂ ಮತ್ತೆ ಚಾರ್ಜ್ ಆಗಲು ಕಾಯಬೇಕು. ಒಬ್ಬ ಹುಡುಗ ಎನ್‌ಡಿ ಫಿಲ್ಟರ್, ಅಂದರೆ ಲೆನ್ಸಿನ ಮುಂದಿನ ಕಪ್ಪು ಗಾಜು, ಹಾಕಿದ. ಅದು ಬಿಸಿಲನ್ನೂ ಫ್ಲ್ಯಾಷನ್ನೂ ಒಂದೇ ಸಮ ತಗ್ಗಿಸುತ್ತದೆ, ಎರಡರ ನಡುವಿನ ಅಂತರ ಇದ್ದ ಹಾಗೇ ಇರುತ್ತದೆ ಎಂದು ನಾನು ವಿವರಿಸುತ್ತಾ ನಿಂತೆ. ಅಷ್ಟರಲ್ಲಿ ಆಷಾಢದ ಗಾಳಿ ಕೊಡೆಯನ್ನು ಸ್ಟ್ಯಾಂಡ್ ಸಮೇತ ಎತ್ತಿ ಬಿಸಾಡಿತು. ಫ್ಲ್ಯಾಷಿನ ಕಾಲು ಮುರಿಯಿತು. ಯಾರ ತಲೆಗೂ ಬೀಳಲಿಲ್ಲ, ಅದೇ ಪುಣ್ಯ.

ಇಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಯಜಮಾನರು ಕಣ್ಣು ಕಿರಿದು ಮಾಡಿಕೊಂಡು, ಹಣೆಯ ಬೆವರು ಒರೆಸಿಕೊಳ್ಳುತ್ತಾ ಕೂತೇ ಇದ್ದರು. ಒಂದು ಸಲವೂ ಗೊಣಗಲಿಲ್ಲ. ಕೊನೆಗೆ ನನ್ನನ್ನು ಹತ್ತಿರ ಕರೆದು, ಮೆಲ್ಲಗೆ, ಮಿಕ್ಕವರಿಗೆ ಕೇಳದ ಹಾಗೆ ಹೇಳಿದರು: 'ಮೇಷ್ಟ್ರೇ, ಬೆಳಕು ಬತ್ತದೆ ಅಂತ್ಲೇ ನಮ್ಮಪ್ಪ ಆ ಕಿಟಕಿ ಪಕ್ಕ ಮಗ್ಗ ಹಾಕಿದ್ದು. ಎಳೆ ಕಡಿದ್ರೆ ಕಾಣ್‌ಬೇಕಲ್ಲ. ನೀವು ಅದ್ನ ಬುಟ್ಬುಟ್ಟು ನನ್ನ ಬಿಸ್ಲಲ್ಲಿ ಕೂರ್ಸಿ, ಮತ್ತೆ ದೀಪ ಹಚ್ತಾ ಇದ್ದೀರಲ್ಲ.'

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅವರಲ್ಲಿ ಕ್ಷಮೆ ಕೇಳಿ, ಊಟ ಮಾಡಿಸಿ, ಮನೆ ತಲುಪಿಸಿ ಬಂದೆ. ಬರುವ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಿಂದ ಒಂದೇ ವಿಷಯ ನೋಡುತ್ತಿದ್ದೆ: ಯಾರು ಎಲ್ಲಿ ಕೂತು ಕೆಲಸ ಮಾಡುತ್ತಾರೆ. ದರ್ಜಿಯ ಮಿಷನ್ ಅಂಗಡಿಯ ಬಾಗಿಲಿಗೇ ಇರುತ್ತದೆ. ವಾಚ್ ರಿಪೇರಿಯವರು ಬೀದಿಗೆ ಮುಖ ಮಾಡಿ ಕೂತಿರುತ್ತಾರೆ. ಹೂ ಕಟ್ಟುವ ಹೆಂಗಸರು ಜಗಲಿಯ ಅಂಚಿಗೆ, ಬಿಸಿಲು ತಾಗದ ಹಾಗೆ, ಆದರೆ ಬೆಳಕು ತಪ್ಪದ ಹಾಗೆ. ಅಕ್ಕಿ ಆರಿಸುವ ಅಜ್ಜಿಯರೂ ಅಷ್ಟೇ. ಕಲ್ಲು ಯಾವುದು, ಅಕ್ಕಿ ಯಾವುದು ಎಂದು ಕಾಣಬೇಕಾದರೆ ಬೆಳಕು ಒಂದು ಪಕ್ಕದಿಂದ, ಮೆತ್ತಗೆ, ಕಾಳಿನ ದುಂಡು ತೋರುವ ಹಾಗೆ ಬೀಳಬೇಕು. ಪೋರ್ಟ್ರೇಟಿಗೆ ನಾವು ಬಯಸುವ ಬೆಳಕೂ ಅದೇ. ಕಣ್ಣಿನ ಕೆಲಸ ಮಾಡುವವರು ತಮ್ಮ ಮನೆಯ ಒಳ್ಳೆಯ ಬೆಳಕನ್ನು ನಾವು ಹೋಗುವ ಎಷ್ಟೋ ವರ್ಷ ಮೊದಲೇ ಹುಡುಕಿ ಇಟ್ಟಿರುತ್ತಾರೆ.

ಅಂದಿನಿಂದ ನನ್ನ ತರಗತಿಯಲ್ಲಿ ಮೊದಲ ಒಂದು ಗಂಟೆ ಯಾರೂ ಬ್ಯಾಗ್ ಬಿಚ್ಚುವಂತಿಲ್ಲ. ಯಾರ ಮನೆಗೆ ಹೋದರೂ ಮೊದಲು ಕೇಳಬೇಕಾದ ಪ್ರಶ್ನೆ, 'ಅಮ್ಮಾ, ನೀವು ಅಕ್ಕಿ ಆರಿಸೋದು ಎಲ್ಲಿ ಕೂತ್ಕೊಂಡು?' ಅಂಗಡಿಯಾದರೆ, 'ಲೆಕ್ಕ ಬರೆಯೋದು ಎಲ್ಲಿ?' ಅಲ್ಲಿ ನಮ್ಮವರಲ್ಲೇ ಒಬ್ಬ ಕೂರಬೇಕು. ಬೆಳಕು ಹೊಂದಿಸುವುದು, ಅಳೆಯುವುದು, ವಾದ ಮಾಡುವುದು ಎಲ್ಲ ಅವನ ಮುಖದ ಮೇಲೆಯೇ. ಎಲ್ಲ ಸಿದ್ಧವಾದ ಮೇಲೆ ಮನೆಯವರನ್ನು ಕರೆಯಬೇಕು, ಐದು ನಿಮಿಷದಲ್ಲಿ ಬಿಟ್ಟುಬಿಡಬೇಕು. ಒಮ್ಮೆ ಬಿಸಿಲಲ್ಲಿ ಹತ್ತು ನಿಮಿಷ ಕೂತೆದ್ದ ಹುಡುಗ ಆಮೇಲೆ ಯಾರನ್ನೂ ಬಿಸಿಲಲ್ಲಿ ಕೂರಿಸುವುದಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ.

ಹಳೆಯ ತೊಟ್ಟಿ ಮನೆ ಸಿಕ್ಕಿದರಂತೂ ನನಗೆ ಹಬ್ಬ. ನಡುವೆ ತೆರೆದ ಆಕಾಶ, ಸುತ್ತ ಇಳಿಜಾರಿನ ಮಾಡು, ಕಂಬಗಳು. ಕಂಬದ ಪಕ್ಕ ತೊಟ್ಟಿಗೆ ಮುಖ ಮಾಡಿ ಕೂರಿಸಿದರೆ ಮೇಲಿನಿಂದ ಅಗಲವಾದ ಬೆಳಕು ಬರುತ್ತದೆ. ತೊಟ್ಟಿಯ ನೆಲಕ್ಕೆ ಬಿದ್ದ ಬಿಸಿಲು ಪುಟಿದು ಗಲ್ಲದ ಕೆಳಗಿನ ನೆರಳನ್ನು ತುಂಬುತ್ತದೆ. ಒಂದೇ ತೊಂದರೆ, ನೆಲ ರೆಡ್ ಆಕ್ಸೈಡ್ ಆಗಿದ್ದರೆ ಆ ಪುಟಿದ ಬೆಳಕೂ ಕೆಂಪು. ಕತ್ತು ಕೆಂಪಗೆ, ಹಣೆ ನೀಲಿ. ಕಂಪ್ಯೂಟರಿನಲ್ಲಿ ಇದನ್ನು ಸರಿ ಮಾಡಲು ಹೋದರೆ ರಾತ್ರಿಯೆಲ್ಲ ಬೇಕು. ನೆಲಕ್ಕೆ ಒಂದು ಬಿಳಿ ಪಂಚೆ ಹಾಸಿದರೆ ಅರ್ಧ ನಿಮಿಷದಲ್ಲಿ ಮುಗಿಯಿತು. ಮದುವೆ ಮನೆಯ ಹಳದಿ ಶಾಮಿಯಾನದ ಕೆಳಗೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಬಟ್ಟೆಯೇ ದೀಪ. ಅಂಚಿಗೆ ಬಂದು ಹೊರಗಿನ ಬೆಳಕಿಗೆ ಮುಖ ತಿರುಗಿಸುವುದೊಂದೇ ದಾರಿ.

ತೊಟ್ಟಿಯ ಈ ಬೆಳಕಿನ ಬಗ್ಗೆ ಹೇಳುವಾಗ ಸತ್ಯಜಿತ್ ರೇ ಅವರ ಛಾಯಾಗ್ರಾಹಕ ಸುಬ್ರತ ಮಿತ್ರ ಅವರನ್ನು ನೆನೆಯದೆ ಇರಲಾರೆ. 1956ರ 'ಅಪರಾಜಿತೊ' ಚಿತ್ರಕ್ಕೆ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೊದಲ್ಲಿ ಕಟ್ಟಬೇಕಾಗಿ ಬಂದಾಗ ಅವರು ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳ ಬೆಳಕನ್ನು ಅದಕ್ಕೆ ಹೊಡೆಸಿ, ಪುಟಿದು ಬಂದ ಬೆಳಕಿನಲ್ಲಿ ಚಿತ್ರಿಸಿದರು. ನಮ್ಮ ಮೈಸೂರಿನಲ್ಲೇ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರಕ್ಕೆ ಕನ್ನಡಿ ಹಿಡಿದು ಸೂರ್ಯನ ಬೆಳಕನ್ನೇ ಸ್ಟುಡಿಯೊ ಒಳಗೆ ತಂದು ಆ ಹೆಸರಾದ ಬೆಳಕಿನ ಕೋಲನ್ನು ಮೂಡಿಸಿದರು. ಇದನ್ನು ಹೇಳಿದ ಮೇಲೆ ಹುಡುಗರ ಕೈಗೆ ಎರಡಡಿಯ ಒಂದು ಕನ್ನಡಿ ಕೊಡುತ್ತೇನೆ. ಬೀದಿಯಲ್ಲಿ ಒಬ್ಬ ಕನ್ನಡಿ ಹಿಡಿದು ಬಿಸಿಲನ್ನು ಕಿಟಕಿಯೊಳಗೆ ತೂರಿಸುತ್ತಾನೆ, ಒಳಗೆ ಇನ್ನೊಬ್ಬ ಅದನ್ನು ಬಿಳಿ ಗೋಡೆಗೋ ಪಂಚೆಗೋ ಬೀಳಿಸುತ್ತಾನೆ. ನಡುಮನೆ ಬೆಳಗುತ್ತದೆ. ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುವುದರಿಂದ ಕನ್ನಡಿಯವನು ಆಗಾಗ ತಿರುಗಿಸುತ್ತಿರಬೇಕು. ಒಂದು ಎಚ್ಚರಿಕೆ: ಆ ಬೆಳಕು ನೇರ ಕಣ್ಣಿಗೆ ಹೋಗಕೂಡದು.

ಬೇರೆ ದೇಶದವರು ಬರೆದದ್ದನ್ನು ಓದಿ ಬರುವ ಹುಡುಗರಿಗೆ ನಮ್ಮ ಊರಿನ ಸೂರ್ಯನನ್ನು ಪರಿಚಯ ಮಾಡಿಸುವುದೂ ಒಂದು ಪಾಠವೇ. ಉತ್ತರದ ಕಿಟಕಿಗೆ ನೇರ ಬಿಸಿಲು ಬರುವುದೇ ಇಲ್ಲ, ದಿನವಿಡೀ ಒಂದೇ ಬೆಳಕು ಎಂಬ ಮಾತು ಯುರೋಪಿನಂಥ ಕಡೆ ಬಹುಮಟ್ಟಿಗೆ ಸರಿ. ಮೈಸೂರು ಇರುವುದು ಸುಮಾರು 12 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಯ ಮೇಲೆ ಬರುವ ಶೂನ್ಯ ನೆರಳಿನ ದಿನ ಕಳೆದ ಮೇಲೆ, ಆಗಸ್ಟ್ ಮಧ್ಯ ದಾಟುವವರೆಗೂ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ. ನಾನು ತರಗತಿ ನಡೆಸುವ ಆಷಾಢದಲ್ಲಿ ಉತ್ತರದ ಕಿಟಕಿಯನ್ನು ನಂಬಿದರೆ ಬಿಸಿಲು ಬಂದು ಮೂಗಿನ ಮೇಲೆ ಕೂರುತ್ತದೆ. ಆಗ ದಕ್ಷಿಣದ ಕಿಟಕಿಯೇ ತಂಪು.

ಸಂಜೆಯ ಹೊಂಬೆಳಕಿನದೂ ಇದೇ ಕಥೆ. ಗೋಲ್ಡನ್ ಅವರ್ ಎಂದು ಹೆಸರಿದ್ದರೂ ಇಲ್ಲಿ ಅದು ಒಂದು ಗಂಟೆ ನಿಲ್ಲುವುದಿಲ್ಲ. ನಮ್ಮ ಸೂರ್ಯ ಹೆಚ್ಚು ಓರೆಯಾಗದೆ, ನೆಟ್ಟಗೆ ಇಳಿಯುತ್ತಾನೆ. ದಿಗಂತದಿಂದ ಆರು ಡಿಗ್ರಿ ಮೇಲಿದ್ದವನು ಇಪ್ಪತ್ತೈದು ನಿಮಿಷದಲ್ಲಿ ಮುಳುಗಿಬಿಡುತ್ತಾನೆ. ಹೊಂಬೆಳಕು ಬಂದ ಮೇಲೆ ಸ್ಟ್ಯಾಂಡ್ ಬಿಚ್ಚಿ, ಟ್ರಿಗರ್ ಸೆಲ್ ಹುಡುಕುವವರಿಗೆ ಆ ಬೆಳಕು ಸಿಗುವುದಿಲ್ಲ.

ಹಾಗಾದರೆ ಫ್ಲ್ಯಾಷ್ ಬೇಡವೇ ಎಂದು ಪ್ರತಿ ತಂಡದಲ್ಲೂ ಒಬ್ಬರು ಕೇಳುತ್ತಾರೆ. ಬೇಕು, ಖಂಡಿತ ಬೇಕು. ಅದನ್ನು ಕಲಿಸಲೆಂದೇ ದುಡ್ಡು ತೆಗೆದುಕೊಳ್ಳುತ್ತೇನೆ. ಆದರೆ ಇರುವ ಬೆಳಕಿನಲ್ಲಿ ಏನು ಕೊರತೆ ಎಂದು ಬಾಯಿಬಿಟ್ಟು ಹೇಳಿದ ಮೇಲೆ. 'ಎಡಗಣ್ಣು ಕತ್ತಲಲ್ಲಿದೆ.' 'ಕೂದಲು ಹಿಂದಿನ ಬಾಗಿಲಿನ ಕಪ್ಪಿಗೆ ಅಂಟಿಕೊಂಡಿದೆ.' ಹೀಗೆ ಒಂದು ವಾಕ್ಯ ಬಂದರೆ ಮಾತ್ರ ಫ್ಲ್ಯಾಷ್ ಹೊರಗೆ. ಬಿಸಿಲಿಂದ ನೆರಳಿಗೆ ಸರಿದರೆ ಬೆಳಕು ಸುಮಾರು ಮೂರು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಇಳಿಯುತ್ತದೆ, ಅಂದರೆ ಬಿಸಿಲಿಗೆ ಸಮನಾಗಲು ಪೂರ್ತಿ ಶಕ್ತಿ ಕೇಳುತ್ತಿದ್ದ ಫ್ಲ್ಯಾಷ್ ಅಲ್ಲಿ 1/8ಕ್ಕೇ ಸಾಕು. ಸೆಲ್ ಉಳಿಯುತ್ತದೆ, ಎದುರಿನವರ ಕಣ್ಣೂ ಉಳಿಯುತ್ತದೆ. ಇದ್ದ ಬೆಳಕು ಎಷ್ಟು ಕಾಣಬೇಕು ಎಂಬುದನ್ನು ಶಟರಿನಿಂದ ಹಿಡಿಯಬೇಕು, ಫ್ಲ್ಯಾಷ್ ಎಷ್ಟು ಎಂಬುದನ್ನು ಅದರ ಶಕ್ತಿ, ದೂರಗಳಿಂದ.

ದೂರ ಕಲಿಸಲು ನನ್ನ ಹತ್ತಿರ ಒಂದು ಹಗ್ಗ ಇದೆ. ಒಂದು ತುದಿಯನ್ನು ಫ್ಲ್ಯಾಷಿಗೆ ಕಟ್ಟುತ್ತೇನೆ. 1 ಮೀಟರ್, 1.4, 2, 2.8, 4 ಮೀಟರಿಗೆ ಒಂದೊಂದು ಗಂಟು. ಒಂದು ಗಂಟು ಹಿಂದೆ ಸರಿದರೆ ಬೆಳಕು ಅರ್ಧ. ಈ ಅಂಕಿಗಳನ್ನು ಎಲ್ಲೋ ನೋಡಿದ್ದೇವಲ್ಲ ಎಂದು ಹುಡುಗರು ತಮ್ಮ ಲೆನ್ಸ್ ತಿರುಗಿಸಿ ನೋಡುತ್ತಾರೆ. ಎಫ್ ನಂಬರುಗಳೂ ಅವೇ. ಆ ಕ್ಷಣಕ್ಕೆ ಅವರ ಮುಖ ನೋಡುವುದು ನನಗೆ ತುಂಬಾ ಇಷ್ಟ. ಕೂಡು ಕುಟುಂಬದ ಫೋಟೊದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಮುಂದಿನ ಸಾಲು ಫ್ಲ್ಯಾಷಿಗೆ 1 ಮೀಟರ್, ಹಿಂದಿನದು 2 ಮೀಟರ್ ಇದ್ದರೆ ಹಿಂದಿನವರಿಗೆ ಕಾಲು ಭಾಗ ಬೆಳಕು ಮಾತ್ರ. ಅದೇ ಫ್ಲ್ಯಾಷನ್ನು 4 ಮೀಟರ್ ಹಿಂದಕ್ಕೆ ಒಯ್ದರೆ ಹಿಂದಿನ ಸಾಲಿಗೂ ಮೂರರಲ್ಲಿ ಎರಡು ಪಾಲು ಸಿಗುತ್ತದೆ. ಹಿಂದೆ ನಿಂತ ಸೊಸೆಯಂದಿರ ಮುಖ ಕಪ್ಪಾಗುವುದು ತಪ್ಪುತ್ತದೆ.

ಮುಖ ಕಪ್ಪಾಗುವುದು ಎಂದೆನಲ್ಲ, ಅದರ ಬಗ್ಗೆ ನನಗೆ ಒಂದು ಸಿಟ್ಟು ಇದೆ. ಮೈಬಣ್ಣ ಕಪ್ಪಿದ್ದವರನ್ನು ಕೂರಿಸಿದ ತಕ್ಷಣ ಹುಡುಗರು ಎಕ್ಸ್‌ಪೋಶರ್ ಏರಿಸುತ್ತಾರೆ, ಆಮೇಲೆ ಕಂಪ್ಯೂಟರಿನಲ್ಲಿ ಇನ್ನಷ್ಟು ಬಿಳುಪು ಮಾಡುತ್ತಾರೆ. ಆಲ್ಬಮ್ ಬಿಡಿಸಿದರೆ ಹುಡುಗಿ ಗುರುತೇ ಸಿಗುವುದಿಲ್ಲ. ಕಪ್ಪು ಮೈಗೆ ಬೇಕಾದದ್ದು ಹೆಚ್ಚು ಬೆಳಕಲ್ಲ, ದೊಡ್ಡ ಬೆಳಕು. ಅಗಲವಾದ ಬಿಳಿ ಬಟ್ಟೆಯನ್ನೋ ಥರ್ಮಾಕೋಲ್ ಶೀಟನ್ನೋ ಪಕ್ಕಕ್ಕೆ ಹತ್ತಿರ ತಂದರೆ ಕೆನ್ನೆ, ಹಣೆ, ಮೂಗಿನ ಮೇಲೆ ಆ ಹೊಳಪು ಉದ್ದಕ್ಕೆ ಹರಿದು ಮುಖದ ಆಕಾರ ತಾನಾಗಿ ಏಳುತ್ತದೆ. ಬಣ್ಣ ಇದ್ದದ್ದು ಇದ್ದ ಹಾಗೇ ಇರುತ್ತದೆ. ನನ್ನ ತರಗತಿಯಲ್ಲಿ ಯಾರ ಮೈಬಣ್ಣವನ್ನೂ ತಿದ್ದುವ ಹಾಗಿಲ್ಲ. ಇದರಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ಉಳಿದ ಕಟ್ಟುಪಾಡುಗಳು ಎಲ್ಲರಿಗೂ ಗೊತ್ತಿರುವಂಥವು. ಒಂದು ಸ್ಟ್ಯಾಂಡಿಗೆ ಒಬ್ಬ ಮನುಷ್ಯ, ಜೊತೆಗೆ ಮರಳು ತುಂಬಿದ ಚೀಲ. ಗಾಳಿ ಇದ್ದರೆ ಕೊಡೆಯೇ ಬೇಡ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಮೊದಲೇ ಬರೆದು ಕೇಳಿ. ಫೋಟೊಕ್ಕೆ ಕೂತವರಿಗೆ ಪ್ರಿಂಟ್ ತಲುಪಿಸುವವರೆಗೆ ಕೆಲಸ ಮುಗಿದಿಲ್ಲ.

ಮೇಲುಕೋಟೆಗೆ ಮೂರು ವಾರ ಬಿಟ್ಟು ಮತ್ತೆ ಹೋದೆ. ಈ ಸಲ ಒಬ್ಬನೇ, ಒಂದು ಕ್ಯಾಮೆರಾ, ಒಂದು ಬಿಳಿ ಪಂಚೆ. ಯಜಮಾನರು ಮಗ್ಗದಲ್ಲೇ ಇದ್ದರು. ಏಳಬೇಡಿ, ನಿಮ್ಮ ಕೆಲಸ ನೀವು ಮಾಡಿ ಎಂದೆ. ಹತ್ತು ನಿಮಿಷ ಸುಮ್ಮನೆ ಕೂತು ನೋಡಿದೆ. ಕತ್ತಲೆ ಎಂದುಕೊಂಡಿದ್ದ ಆ ಕೋಣೆಯಲ್ಲಿ ಕಿಟಕಿಯ ಬೆಳಕು ನೆಯ್ದ ಬಿಳಿ ಬಟ್ಟೆಯ ಮೇಲೆ ಬಿದ್ದು, ಅಲ್ಲಿಂದ ಎದ್ದು ಅವರ ಮುಖಕ್ಕೆ ಬರುತ್ತಿತ್ತು. ನಾನು ತಂದ ಪಂಚೆ ಬೇಕಾಗಲಿಲ್ಲ. ಐಎಸ್‌ಒ 800, ಎಫ್ 4, 1/60. ಕಡಿದ ಎಳೆಯೊಂದನ್ನು ಗಂಟು ಹಾಕಲು ಅವರು ಬಗ್ಗಿದಾಗ ತೆಗೆದೆ.

ಪ್ರಿಂಟನ್ನು ನಾನೇ ಕೊಂಡೊಯ್ದು ಕೊಟ್ಟೆ. ಅವರು ಅದನ್ನು ಕಿಟಕಿಯ ಹತ್ತಿರ, ಅದೇ ಬೆಳಕಿಗೆ ಹಿಡಿದರು. ತಮ್ಮ ಮುಖದ ಮೇಲೆ ಕಣ್ಣು ನಿಲ್ಲಲಿಲ್ಲ. ಕೆಳಗೆ, ಬೆರಳ ಸಂದಿಯಲ್ಲಿದ್ದ ಎಳೆಯ ಕಡೆಗೇ ನೋಡುತ್ತಾ, ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದರು: 'ಬಾರಮ್ಮಿ ಇಲ್ಲಿ, ನೋಡು, ಎಳೆ ಎಣಿಸ್ಬೋದು.'