ಬಾಣಲೆ ಸದ್ದು ಕೇಳಿಸ್ಕೊಂಡು ಮಾಡೋ ಸ್ಟರ್ ಫ್ರೈ

ರಾತ್ರಿ ಊಟ ಸ್ವಲ್ಪ ಹಗುರ ಮಾಡ್ಕೊಳ್ಳೋಣ ಅಂತ ಎರಡು ವರ್ಷದ ಕೆಳಗೆ ಮನೇಲಿ ಸ್ಟರ್ ಫ್ರೈ, ಅಂದ್ರೆ ತರಕಾರಿನ ಬಾಣಲೇಲಿ ಕೈಯಾಡಿಸ್ತಾ ಹುರಿಯೋ ಅಡುಗೆ, ಮಾಡಕ್ಕೆ ಶುರು ಮಾಡಿದೆ. ಹಗುರ ಅಂದ್ರೆ ಎಣ್ಣೆ ಕಮ್ಮಿ, ಅಷ್ಟೇ ಅಂತ ತಿಳ್ಕೊಂಡು ಅರ್ಧ ಟೀ ಚಮಚ ಎಣ್ಣೆ ಹಾಕಿ, ಸಣ್ಣ ಉರೀಲಿ, ಹೆಚ್ಚಿದ ತರಕಾರಿನೆಲ್ಲ ಒಟ್ಟಿಗೆ ಸುರಿದು, ಸೀದು ಹೋದೀತು ಅಂತ ನಡುನಡುವೆ ನೀರು ಚಿಮುಕಿಸಿ, ಮೇಲೊಂದು ತಟ್ಟೆ ಮುಚ್ಚಿಬಿಡ್ತಿದ್ದೆ. ಹತ್ತು ನಿಮಿಷ ಬಿಟ್ಟು ತಟ್ಟೆ ತೆಗೆದ್ರೆ ಬೀನ್ಸ್ ಬಣ್ಣ ಮಾಸಿರೋದು, ಕ್ಯಾಪ್ಸಿಕಂ ಸಿಪ್ಪೆ ಮುದುಡಿರೋದು, ತಳದಲ್ಲಿ ಒಂದಿಷ್ಟು ಬೂದು ಬಣ್ಣದ ನೀರು ನಿಂತಿರೋದು. ರುಚಿ ಸಾಲ್ದು ಅಂತ ಸಾಸ್ ಇನ್ನಷ್ಟು ಸುರೀತಿದ್ದೆ. ಅಲ್ಲಿಗೆ ಹಗುರ ಅನ್ನೋದೂ ಹೋಯ್ತು, ಯಾಕಂದ್ರೆ ಒಂದು ದೊಡ್ಡ ಚಮಚ ಮಾಮೂಲಿ ಸೋಯಾ ಸಾಸಲ್ಲಿ ಹತ್ತಿರ ಹತ್ತಿರ 900 ಮಿಲಿಗ್ರಾಂ ಸೋಡಿಯಂ ಇರುತ್ತೆ, ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ 2000 ಮಿಲಿಗ್ರಾಂ ಒಳಗಿರ್ಲಿ ಅನ್ನುತ್ತೆ, ನಾನು ಒಂದೇ ಹೊತ್ತಿಗೆ ಎರಡು ಚಮಚ ಹಾಕ್ಕೊಳ್ತಿದ್ದೆ.

ತಪ್ಪು ಎಲ್ಲಿ ಅಂತ ಗೊತ್ತಾಗಿದ್ದು ಕಣ್ಣಿಂದ ಅಲ್ಲ, ಕಿವಿಯಿಂದ. ಒಂದಿನ ಯಾಕೋ ಅರ್ಧ ಬಟ್ಟಲು ಬೀನ್ಸ್ ಮಾತ್ರ ಇತ್ತು, ಹಸಿವಾಗಿತ್ತು, ಉರಿ ಜೋರು ಮಾಡಿ ಹಾಕಿದೆ. ಬಿದ್ದ ತಕ್ಷಣ ಚರ್ರ್ ಅಂತ ಒಂದೇ ಸಮನೆ ಸದ್ದು, ಕೊನೇವರೆಗೂ ಅದೇ ಸದ್ದು. ಎರಡೂವರೆ ನಿಮಿಷಕ್ಕೆ ಬೀನ್ಸ್ ಮೇಲೆ ಅಲ್ಲಲ್ಲಿ ಕಂದು ಚುಕ್ಕಿ, ಒಳಗೆ ಹಸಿರು ಹಸಿರು, ಕಚ್ಚಿದ್ರೆ ಕರುಂ ಅನ್ನೋದು. ನಾನು ದಿನಾ ಮಾಡೋವಾಗ ಈ ಚರ್ರ್ ಅನ್ನೋದು ಹತ್ತು ಸೆಕೆಂಡಿಗೆ ನಿಂತು ಗುಳುಗುಳು ಅಂತಿತ್ತಲ್ಲ, ಅದು ಕುದಿಯೋ ಸದ್ದು. ನಾನು ಇಷ್ಟು ದಿನ ತರಕಾರಿನ ಹುರಿದೇ ಇರ್ಲಿಲ್ಲ, ಬೇಯಿಸ್ತಿದ್ದೆ.

ಇದರ ಹಿಂದಿರೋ ಕಾರಣ ತಿಳ್ಕೊಂಡ್ಮೇಲೆ ನನಗೆ ಅಡುಗೆ ಮೇಲೆ ಪ್ರೀತಿ ಇನ್ನೂ ಜಾಸ್ತಿ ಆಯ್ತು. ನೀರು 100 ಡಿಗ್ರಿಗೆ ಕುದಿಯುತ್ತೆ, ಬಾಣಲೇಲಿ ನೀರು ನಿಂತಿರೋವರೆಗೂ ತರಕಾರಿಯ ಮೈ ಅದಕ್ಕಿಂತ ಹೆಚ್ಚು ಬಿಸಿ ಆಗಲ್ಲ. ಆದ್ರೆ ಹುರಿದ ಘಮ, ಆ ಕಂದು ಬಣ್ಣ ಬರೋದು 140 ಡಿಗ್ರಿ ಆಸುಪಾಸಿನಿಂದ ಮೇಲಕ್ಕೆ ಹೋದಾಗ ಮಾತ್ರ ಚೆನ್ನಾಗಿ ಬರುತ್ತೆ. ಸಕ್ಕರೆ ಅಂಶ ಮತ್ತು ಅಮೈನೋ ಆಮ್ಲ ಸೇರಿ ಆಗೋ ಆ ಬದಲಾವಣೆಗೆ ಮೈಲಾರ್ಡ್ ಕ್ರಿಯೆ ಅಂತಾರೆ, 1912ರಲ್ಲಿ ಅದನ್ನ ಮೊದಲು ವಿವರಿಸಿದ ಫ್ರಾನ್ಸ್ ದೇಶದ ವಿಜ್ಞಾನಿ ಹೆಸರು ಅದು. ಇನ್ನೊಂದು ವಿಷ್ಯ ಏನಂದ್ರೆ ಒಂದು ಚಮಚ ನೀರನ್ನ ಸೊನ್ನೆ ಡಿಗ್ರಿಯಿಂದ ಕುದಿಯೋ ಮಟ್ಟಕ್ಕೆ ತರಕ್ಕೆ ಎಷ್ಟು ಶಾಖ ಬೇಕೋ, ಆ ಕುದಿಯೋ ನೀರು ಪೂರ್ತಿ ಆವಿ ಆಗಿ ಹೋಗಕ್ಕೆ ಅದರ ಐದು ಪಟ್ಟಿಗಿಂತ ಜಾಸ್ತಿ ಶಾಖ ಬೇಕು! ತೊಳೆದ ತರಕಾರಿನ ಒರೆಸ್ದೆ ಹಾಗೇ ಹಾಕಿದ್ರೆ ಒಲೆಯ ಶಕ್ತಿಯೆಲ್ಲ ಆ ನೀರನ್ನ ಓಡಿಸಕ್ಕೇ ಖರ್ಚಾಗುತ್ತೆ ಅಂತ ಆಗ ಅರ್ಥ ಆಯ್ತು.

ಅದಕ್ಕೆ ಈಗ ನಾನು ಸಂಜೆ ಬಂದ ತಕ್ಷಣ ತರಕಾರಿ ತೊಳೆದು ಬಟ್ಟೆ ಮೇಲೆ ಹರವಿಬಿಡ್ತೀನಿ, ಹೆಚ್ಚೋ ಹೊತ್ತಿಗೆ ಒಣಗಿರುತ್ತೆ. ಅಣಬೆ ಮಾತ್ರ ಬೇರೆ ಲೆಕ್ಕ, ಅದರಲ್ಲಿ 90 ಪರ್ಸೆಂಟಿಗಿಂತ ಜಾಸ್ತಿ ನೀರೇ, ಅದನ್ನ ಉಳಿದದ್ದರ ಜೊತೆ ಸೇರಿಸಿದ್ರೆ ಎಲ್ಲಾನೂ ನೆನೆಸಿಬಿಡುತ್ತೆ, ಮೊದಲೇ ಒಂದು ಸಲ ಬೇರೆ ಹುರಿದು, ನೀರು ಬಿಟ್ಟು ಅದು ಇಂಗಿ ಅಂಚು ಕಂದಾದ್ಮೇಲೆ ತೆಗೆದಿಟ್ಕೋಬೇಕು. ಉಪ್ಪು ಕೊನೆಗೆ. ಮೊದಲೇ ಹಾಕಿದ್ರೆ ಉಪ್ಪು ತರಕಾರಿ ಒಳಗಿನ ನೀರನ್ನ ಹೊರಗೆ ಎಳೆಯುತ್ತೆ, ಎಲೆಕೋಸಲ್ಲಂತೂ ಕಣ್ಣೆದುರಿಗೇ ಕಾಣುತ್ತೆ.

ಸ್ಟರ್ ಫ್ರೈ ಚೀನೀಯರ ವಿದ್ಯೆ ಅಂತ ಎಲ್ರಿಗೂ ಗೊತ್ತು, ಅವರ ಭಾಷೇಲಿ ಚಾವ್ ಅಂತಾರೆ. ಅದಕ್ಕೆ ಇಂಗ್ಲಿಷಲ್ಲಿ ಸ್ಟರ್ ಫ್ರೈ ಅನ್ನೋ ಹೆಸರು ಬಳಕೆಗೆ ಬಂದಿದ್ದು ಬುವೇ ಯಾಂಗ್ ಚಾವ್ ಅನ್ನೋ ಮಹಿಳೆ 1945ರಲ್ಲಿ ತಂದ ಅಡುಗೆ ಪುಸ್ತಕದಿಂದ. ಅವರು ವೃತ್ತಿಯಿಂದ ಡಾಕ್ಟರ್, ಗಂಡ ದೊಡ್ಡ ಭಾಷಾ ವಿದ್ವಾಂಸ. ದೊಡ್ಡ ಉರಿ, ಸ್ವಲ್ಪ ಎಣ್ಣೆ, ಬಿಡದೆ ಕೈಯಾಡಿಸೋದು, ಬೇಗ ಮುಗಿಸೋದು, ಸಣ್ಣಗೆ ಹೆಚ್ಚಿದ ಪದಾರ್ಥ, ರಸ ಇರೋ ಮಸಾಲೆ, ಇಷ್ಟೂ ಸೇರಿದ್ರೆ ಚಾವ್ ಅಂತ ಅವರು ವಿವರಿಸಿದ್ದಾರೆ. ನಾನು ಇದರಲ್ಲಿ ಸ್ವಲ್ಪ ಎಣ್ಣೆ ಅನ್ನೋದೊಂದನ್ನ ಹಿಡ್ಕೊಂಡು ದೊಡ್ಡ ಉರಿ, ಬೇಗ ಅನ್ನೋ ಎರಡನ್ನೂ ಬಿಟ್ಟುಬಿಟ್ಟಿದ್ದೆ.

ಈಗ ಇಬ್ಬರಿಗೆ ಮಾಡೋದಾದ್ರೆ ಎಲ್ಲಾ ಸೇರಿ 400 ಗ್ರಾಂ ತರಕಾರಿ, ಒಂದು ಕ್ಯಾರೆಟ್, ಒಂದು ಕ್ಯಾಪ್ಸಿಕಂ, ಒಂದು ಹಿಡಿ ಬೀನ್ಸ್, ಉಳಿದದ್ದು ಅಣಬೆನೋ ಬ್ರೊಕೋಲಿನೋ. ಎಣ್ಣೆ ಒಂದು ದೊಡ್ಡ ಚಮಚ, ಅಂದ್ರೆ 14 ಗ್ರಾಂ, ಸುಮಾರು 120 ಕ್ಯಾಲೊರಿ, ಒಬ್ಬೊಬ್ಬರಿಗೆ 60, ಇದಕ್ಕಿಂತ ಕಮ್ಮಿ ಮಾಡ್ಬೇಡಿ ಅಂತ ನಾನು ಕೈಮುಗಿದು ಹೇಳ್ತೀನಿ, ಯಾಕಂದ್ರೆ ಬಾಣಲೆ ಬಿಸಿ ತರಕಾರಿಗೆ ಸಮನಾಗಿ ಹತ್ತಬೇಕು ಅಂದ್ರೆ ನಡುವೆ ಎಣ್ಣೆ ಪದರ ಇರ್ಲೇಬೇಕು. ರಿಫೈನ್ಡ್ ಕಡಲೆಕಾಯಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಜೋರು ಉರಿ ತಡ್ಕೊಳ್ಳುತ್ತೆ. ಹುರಿದ ಎಳ್ಳಿನ ಎಣ್ಣೆ ಘಮಕ್ಕೆ ಅಂತ ಕೊನೇಲಿ ನಾಲ್ಕು ಹನಿ ಸಾಕು. ಬಾಣಲೆ ಕಬ್ಬಿಣದ್ದಿದ್ರೆ ಒಳ್ಳೇದು. ನಾನ್ ಸ್ಟಿಕ್ ಪ್ಯಾನನ್ನ ಖಾಲಿ ಇಟ್ಟು ಜೋರು ಉರೀಲಿ ಕಾಯಿಸ್ಬಾರ್ದು, 260 ಡಿಗ್ರಿ ದಾಟಿದ್ರೆ ಆ ಲೇಪನ ಕೆಡಕ್ಕೆ ಶುರು ಆಗುತ್ತೆ.

ಸಾಸನ್ನ ಒಲೆ ಹಚ್ಚೋ ಮೊದಲೇ ಬಟ್ಟಲಲ್ಲಿ ಕಲಸಿಟ್ಕೊಳ್ಳಿ, ಆಮೇಲೆ ಬಾಟಲಿ ಮುಚ್ಚಳ ತೆಗೆಯೋಷ್ಟು ಪುರುಸೊತ್ತು ಸಿಗಲ್ಲ. ಸೋಯಾ ಸಾಸ್ ಒಂದು ದೊಡ್ಡ ಚಮಚ, ಅದು ಇಬ್ಬರಿಗೂ ಸೇರಿ, ನೀರು ಮೂರು ದೊಡ್ಡ ಚಮಚ, ಸಕ್ಕರೆ ಅರ್ಧ ಟೀ ಚಮಚ, ಕಾರ್ನ್ ಫ್ಲೋರ್ ಅರ್ಧ ಟೀ ಚಮಚ. ಕಾರ್ನ್ ಫ್ಲೋರ್ ಇದ್ರೆ ಸಾಸ್ ತರಕಾರಿಗೆ ಅಂಟ್ಕೊಳ್ಳುತ್ತೆ, ತಳಕ್ಕೆ ಇಳಿಯಲ್ಲ, ಹಾಗಾಗಿ ಕಮ್ಮಿ ಸಾಸಲ್ಲೇ ಪ್ರತಿ ತುತ್ತಿಗೂ ರುಚಿ ಸಿಗುತ್ತೆ. ಕಲಸಿಟ್ಟ ಬಟ್ಟಲಲ್ಲಿ ಕಾರ್ನ್ ಫ್ಲೋರ್ ತಳದಲ್ಲಿ ಕೂತಿರುತ್ತೆ, ಸುರಿಯೋ ಮುಂಚೆ ಇನ್ನೊಂದ್ಸಲ ಕದಡಿ. ವಿನೆಗರ್ ಇದರಲ್ಲಿ ಬೆರೆಸ್ಬೇಡಿ, ಹುಳಿ ಬಿದ್ದು ಬೇಯ್ತಾ ಹೋದ್ರೆ ಹಸಿರು ತರಕಾರಿ ಬಣ್ಣ ಕೆಡುತ್ತೆ, ಇಳಿಸೋ ಹೊತ್ತಿಗೆ ಒಂದು ಟೀ ಚಮಚ ಹಾಕಿ.

ಬಾಣಲೆ ಕಾದಿದ್ಯಾ ಅಂತ ನೋಡಕ್ಕೆ ಒಂದು ಹನಿ ನೀರು ಬಿಟ್ರೆ ಅದು ಕೂತಲ್ಲೇ ಕುದಿಯೋ ಬದಲು ಮುತ್ತಿನ ಥರ ಉರುಳಾಡುತ್ತೆ, ಆಗ ಎಣ್ಣೆ ಹಾಕಿ. ಕ್ಯಾರೆಟ್, ಬೀನ್ಸ್ ಮೊದಲು, ಒಂದು ಪದರಕ್ಕಿಂತ ಜಾಸ್ತಿ ಬೇಡ, ಹಾಕಿ ಇಪ್ಪತ್ತು ಸೆಕೆಂಡ್ ಮುಟ್ಟಬೇಡಿ, ಆಮೇಲೆ ಕೈಯಾಡಿಸಿ. ಚರ್ರ್ ಅನ್ನೋ ಸದ್ದು ಇಳೀತು ಅಂದ್ರೆ ತರಕಾರಿ ಜಾಸ್ತಿ ಆಯ್ತು ಅಂತ, ಅರ್ಧ ತೆಗೆದು ತಟ್ಟೆಗಿಡಿ. ಎರಡು ಕಂತಲ್ಲಿ ಮಾಡಿದ್ರೂ ಒಟ್ಟು ಎಂಟು ನಿಮಿಷ ದಾಟಲ್ಲ. ಬೆಳ್ಳುಳ್ಳಿ ಶುಂಠಿ ನಾನು ಕೊನೆಗೇ ಹಾಕೋದು, ತರಕಾರಿನ ಪಕ್ಕಕ್ಕೆ ಸರಿಸಿ ನಡುವೆ ಖಾಲಿ ಜಾಗ ಮಾಡಿ ಅಲ್ಲಿ ಹಾಕಿದ್ರೆ ಅರ್ಧ ನಿಮಿಷದಲ್ಲಿ ಘಂ ಅನ್ನುತ್ತೆ. ಮೊದಲೇ ಹಾಕಿದ್ರೆ ಆ ಉರಿಗೆ ಕಪ್ಪಾಗಿ ಕಹಿ ಬಂದುಬಿಡುತ್ತೆ.

ಹೋದ ತಿಂಗಳು ಅಕ್ಕ ಬಂದಿದ್ಳು, ಪಕ್ಕದಲ್ಲಿ ನಿಂತ್ಕೊಂಡು ನೋಡ್ತಾ "ಇಷ್ಟೇ ಇಷ್ಟು ಹಾಕ್ತಿದ್ಯಲ್ಲೇ, ಎಲ್ಲಾ ಒಂದೇ ಸಲ ಹಾಕು, ಹೊಟ್ಟೆ ಹಸೀತಿದೆ" ಅಂದ್ಳು. "ತಾಳಕ್ಕ, ಸದ್ದು ಕೇಳು" ಅಂದೆ. ಎರಡನೇ ಕಂತು ಅವಳ ಕೈಗೇ ಸೌಟು ಕೊಟ್ಟು ಮಾಡಿಸಿದೆ, ಹಿಡಿ ತರಕಾರಿ ಇನ್ನೊಂದಿಷ್ಟು ಹಾಕಕ್ಕೆ ಹೋದವಳು ಸದ್ದು ಸ್ವಲ್ಪ ಇಳಿದಿದ್ದು ಕೇಳಿ ತಾನೇ ಕೈ ಹಿಂದಕ್ಕೆ ತಗೊಂಡ್ಳು. ಸಾಸ್ ಸುರಿದು ಮಿರಮಿರ ಅಂತ ಹೊಳೆದ ತಕ್ಷಣ ಇಳಿಸಿದ್ವಿ, ಕಾದ ಬಾಣಲೇಲೇ ಬಿಟ್ರೆ ಬೇಯ್ತಾನೇ ಇರುತ್ತೆ ಅಂತ ಆಗಿಂದಾಗ್ಲೇ ತಟ್ಟೆಗೆ ಹಾಕ್ಕೊಂಡು, ಅಡುಗೆಮನೇಲೇ ನಿಂತ್ಕೊಂಡು ತಿಂದ್ವಿ.